ಗುಂಡು ಮೊದಲು, ಕೋವಿ ಆಮೇಲೆ: ನೆಲದ ಅಳಿಲಿಗೂ ಕಾಗದದ ಗುರಿಗೂ ನಾನು ರೈಫಲ್ ಆರಿಸಿದ ಬಗೆ

ಮಾರ್ಚ್ ತಿಂಗಳ ಎರಡನೇ ವಾರ. ಐಡಾಹೋ ರಾಜ್ಯದ ಬಾಯ್ಸಿಯಿಂದ ದಕ್ಷಿಣಕ್ಕೆ, ಕ್ಯೂನಾ ಊರು ದಾಟಿದ ಮೇಲೆ ಪರಿಚಯದ ರೈತರೊಬ್ಬರ ಹೊಲ. ಬೆಳೆ ಆಲ್ಫಾಲ್ಫಾ, ಅಂದರೆ ನಮ್ಮ ಕಡೆ ದನಕ್ಕೆ ಹಾಕುವ ಕುದುರೆ ಮಸಾಲೆ ಹುಲ್ಲು. ಅವರು ನನ್ನನ್ನು ಬದುವಿನ ಹತ್ತಿರ ಕರೆದುಕೊಂಡು ಹೋಗಿ ಒಂದು ಬಿಲ ತೋರಿಸಿದರು. ಬಿಲದ ಬಾಯಿ ನನ್ನ ಮುಷ್ಟಿಯಷ್ಟು. ಪಕ್ಕದಲ್ಲಿ ಒಂದು ಬುಟ್ಟಿಯಷ್ಟು ಮಣ್ಣಿನ ಗುಡ್ಡೆ. ಸುತ್ತ ಎರಡು ಮಾರು ಜಾಗದಲ್ಲಿ ಹುಲ್ಲು ಕತ್ತರಿ ಹಾಕಿದ ಹಾಗೆ ಬುಡದವರೆಗೆ ಹೋಗಿತ್ತು. ತಲೆ ಎತ್ತಿ ನೋಡಿದರೆ ಹೊಲದ ಉದ್ದಕ್ಕೂ ಅಂಥದ್ದೇ ಗುಡ್ಡೆಗಳು.

"ಹುಲ್ಲು ತಿಂದರೆ ತಿನ್ನಲಿ ಅನ್ನಬಹುದು. ಆದರೆ ಈ ಮಣ್ಣಿಗೆ ಸಿಕ್ಕಿ ಕಟಾವು ಯಂತ್ರದ ಬ್ಲೇಡು ಹಾಳಾಗುತ್ತೆ. ಅಳಿಲನ್ನು ಹುಡುಕಿಕೊಂಡು ಬ್ಯಾಡ್ಜರ್ ಬರುತ್ತೆ, ಅದು ತೋಡೋ ಗುಂಡಿಗೆ ದನದ ಕಾಲು ಸಿಕ್ಕಿಕೊಳ್ಳುತ್ತೆ" ಅಂದರು. ವಿಷ ಹಾಕುವುದು ಅವರಿಗೆ ಇಷ್ಟವಿಲ್ಲ. ಹಾಗಾಗಿ ವಸಂತಕಾಲದಲ್ಲಿ ನಂಬಿಕೆ ಇರುವ ನಾಲ್ಕೈದು ಜನರನ್ನು ಕೋವಿ ಹಿಡಿದು ಬರಲು ಹೇಳುತ್ತಾರೆ.

ಹೀಗೆ ಬೆಳೆಗೆ ಕಾಟ ಕೊಡುವ ಸಣ್ಣ ಪ್ರಾಣಿಗಳಿಗೆ ಅಮೆರಿಕದವರು ವಾರ್ಮಿಂಟ್ ಅನ್ನುತ್ತಾರೆ. ನಾನೀಗ ಇರುವ ಐಡಾಹೋ ಭಾಗದಲ್ಲಿ ಅದು ಮುಖ್ಯವಾಗಿ ನೆಲದ ಅಳಿಲು. ಸಿಳ್ಳೆ ಹೊಡೆದ ಹಾಗೆ ಕೂಗುವುದರಿಂದ ಊರಿನವರು ಅದಕ್ಕೆ ವಿಸಲ್ ಪಿಗ್ ಅಂತಾರೆ. ಚಳಿಗಾಲದ ಕೊನೆಗೆ ಬಿಲದಿಂದ ಹೊರಗೆ ಬರುತ್ತವೆ. ಏಪ್ರಿಲ್ ಹೊತ್ತಿಗೆ ಮರಿಗಳು ಕಾಣಿಸುತ್ತವೆ. ಬೇಸಿಗೆ ಬಿಸಿಲು ಏರಿದಾಗ ಮತ್ತೆ ನೆಲದೊಳಗೆ ಹೋಗಿ ಮುಂದಿನ ವರ್ಷದವರೆಗೆ ನಿದ್ದೆ. ಕೆಲಸ ಇರುವುದು ಮೂರು ನಾಲ್ಕು ತಿಂಗಳು ಮಾತ್ರ. ಉಳಿದ ತಿಂಗಳೆಲ್ಲ ನಾನು ಕ್ಲಬ್ಬಿನಲ್ಲಿ ಕಾಗದದ ಗುರಿಗೆ ಹೊಡೆಯುತ್ತೇನೆ. ಎರಡಕ್ಕೂ ಆಗುವ ರೈಫಲ್ ಹುಡುಕುವುದರಲ್ಲಿ ನನಗೆ ಹೆಚ್ಚುಕಡಿಮೆ ಮೂರು ವರ್ಷ ಹೋಯಿತು. ದುಡ್ಡೂ ಹೋಯಿತು. ನೀವು ಈ ದಾರಿಗೆ ಬರುತ್ತಿದ್ದರೆ ಅದು ಉಳಿಯಲಿ ಅಂತ ಬರೆಯುತ್ತಿದ್ದೇನೆ.

ನಾನು ಹುಟ್ಟಿ ಬೆಳೆದದ್ದು ಮೂಡಿಗೆರೆ ಕಡೆಯ ಕಾಫಿ ತೋಟದಲ್ಲಿ. ಅಜ್ಜನ ಹತ್ತಿರ ಬೆಳೆ ರಕ್ಷಣೆಗೆ ಅಂತ ಲೈಸೆನ್ಸ್ ಇದ್ದ ಜೋಡಿ ನಳಿಕೆ ಕೋವಿ ಇತ್ತು. ಹಂದಿ, ಮಂಗ ಬಂದರೆ ಗಾಳಿಗೆ ಒಂದು ಈಡು ಹೊಡೆದು ಓಡಿಸುತ್ತಿದ್ದರು. ಚುನಾವಣೆ ಬಂತೆಂದರೆ ಅದನ್ನು ಠಾಣೆಗೆ ಕೊಟ್ಟು ಬರಬೇಕು, ಮುಗಿದ ಮೇಲೆ ತರಬೇಕು. ತಂದ ದಿನ ಜಗಲಿಯಲ್ಲಿ ಕೂತು ಎಣ್ಣೆ ಬಟ್ಟೆಯಲ್ಲಿ ಒರೆಸುವುದನ್ನು ನಾನು ಪಕ್ಕದಲ್ಲೇ ಕೂತು ನೋಡುತ್ತಿದ್ದೆ. ಟ್ರಿಗರ್‌ಗೆ ಅಜ್ಜ ಕುದುರೆ ಅಂತಲೇ ಹೇಳುತ್ತಿದ್ದರು. "ಗುರಿ ಏನು ಅಂತ ಗೊತ್ತಾಗ್ದೆ ಕುದುರೆಗೆ ಬೆರಳು ಹಾಕ್ಬೇಡ ಮಾರಾಯ." ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. 1972ರ ವನ್ಯಜೀವಿ ಕಾಯ್ದೆಯಿಂದಾಗಿ ಭಾರತದಲ್ಲಿ ಈಗ ಹವ್ಯಾಸದ ಬೇಟೆಗೆ ಅವಕಾಶವಿಲ್ಲ. ಹಾಗಾಗಿ ಪ್ರಾಣಿಗೆ ಗುರಿ ಇಡುವುದನ್ನು ನಾನು ಕಲಿತದ್ದು ಇಲ್ಲಿಗೆ ಬಂದ ಮೇಲೆ, ಮೂವತ್ತು ದಾಟಿದ ಮೇಲೆ.

ರೈಫಲ್ ಮಾತಿಗೆ ಮುಂಚೆ ಕಾನೂನಿನ ಒಂದು ವಿಷಯ ಹೇಳಲೇಬೇಕು. ನಮ್ಮವರಲ್ಲಿ ಬಹಳ ಜನಕ್ಕೆ ಇದು ಗೊತ್ತಿಲ್ಲ. ಎಚ್‌-1ಬಿಯಂಥ ವೀಸಾದಲ್ಲಿ ಇರುವವರು ಕೋವಿಯನ್ನಾಗಲಿ ತೋಟೆಯನ್ನಾಗಲಿ ಇಟ್ಟುಕೊಳ್ಳುವಂತಿಲ್ಲ ಅನ್ನುವುದೇ ಅಮೆರಿಕದ ಕೇಂದ್ರ ಕಾನೂನಿನ ಸಾಮಾನ್ಯ ನಿಯಮ. ಅದಕ್ಕೆ ಕೆಲವು ವಿನಾಯಿತಿಗಳಿವೆ. ಯಾವುದಾದರೂ ರಾಜ್ಯ ಕೊಟ್ಟ, ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಕೈಯಲ್ಲಿರುವುದು ಅದರಲ್ಲಿ ಒಂದು. ಗೆಳೆಯ ಗುರಿ ಅಭ್ಯಾಸದ ಮೈದಾನಕ್ಕೆ, ಅಂದರೆ ರೇಂಜಿಗೆ ಕರೆದ ಅಂತ ಸುಮ್ನೆ ಹೋಗಿ ಅವನ ಬಂದೂಕು ಹಿಡಿಯುವುದೂ ತೊಂದರೆಗೆ ದಾರಿ. ನಾನು ಗ್ರೀನ್ ಕಾರ್ಡ್ ಬರುವವರೆಗೆ ಮುಟ್ಟಲಿಲ್ಲ. ಬಂದ ಮೇಲೆ ಅಂಗಡಿಯಲ್ಲಿ 4473 ಅನ್ನುವ ಫಾರ್ಮ್ ತುಂಬಿಸಿ, ಎಫ್‌ಬಿಐ ಹಿನ್ನೆಲೆ ತಪಾಸಣೆ ಮುಗಿಸಿಕೊಂಡು ಕೊಂಡೆ. ಐಡಾಹೋದಲ್ಲಿ ನೆಲದ ಅಳಿಲಿಗೂ ಬೇಟೆ ಲೈಸೆನ್ಸ್ ಬೇಕು. 1975ರ ಜನವರಿ 1ರಿಂದ ಈಚೆಗೆ ಹುಟ್ಟಿದವರು ಮೊದಲ ಲೈಸೆನ್ಸ್‌ಗೆ ಮುಂಚೆ ಬೇಟೆ ತರಬೇತಿ ಮುಗಿಸಿರಬೇಕು. ಎಲ್ಲ ಅಳಿಲೂ ಹೊಡೆಯುವಂಥದ್ದಲ್ಲ. ಉತ್ತರ ಐಡಾಹೋ ಅಳಿಲು, ದಕ್ಷಿಣ ಐಡಾಹೋ ಅಳಿಲು ಅನ್ನುವ ಎರಡು ಜಾತಿಗೆ ರಕ್ಷಣೆ ಇದೆ. ನೀವು ಹೋಗುವ ಜಾಗದಲ್ಲಿ ಯಾವುದಿದೆ ಅನ್ನುವುದನ್ನು ಮೊದಲು ತಿಳಿದುಕೊಳ್ಳಿ. ನಿಮ್ಮ ವೀಸಾ ವಿಷಯದಲ್ಲಿ ಸಣ್ಣ ಅನುಮಾನ ಇದ್ದರೂ ವಕೀಲರನ್ನು ಕೇಳಿ.

ಈಗ ನನ್ನ ಮೊದಲ ತಪ್ಪು.

ಮೊದಲ ಸಲ ಅಂಗಡಿಗೆ ಹೋದಾಗ ನಾನು ಕೇಳಿದ್ದು ಒಂದೇ ಮಾತು: "ವಾರ್ಮಿಂಟ್‌ಗೆ ಯಾವುದು ಒಳ್ಳೇದು?" ಕೌಂಟರಿನಲ್ಲಿದ್ದವರು .22-250 ಅನ್ನುವ ತೋಟೆಯ ರೈಫಲ್ ತೆಗೆದು ಕೈಗೆ ಕೊಟ್ಟರು. ಅವರು ಸುಳ್ಳು ಹೇಳಲಿಲ್ಲ. ವಾರ್ಮಿಂಟ್ ಬೇಟೆಯಲ್ಲಿ ಅದಕ್ಕೆ ದೊಡ್ಡ ಹೆಸರಿದೆ. 55 ಗ್ರೇನ್ ಗುಂಡನ್ನು ಸೆಕೆಂಡಿಗೆ ಸುಮಾರು 3680 ಅಡಿ ವೇಗದಲ್ಲಿ ಬಿಡುತ್ತದೆ. ಅದೇ ತೂಕದ ಗುಂಡಿಗೆ .223 ಅನ್ನುವ ಇನ್ನೊಂದು ತೋಟೆ ಕೊಡುವುದು 3240 ಅಡಿ. ಗ್ರೇನ್ ಅಂದರೆ ಬಹಳ ಸಣ್ಣ ತೂಕ. ಅಕ್ಕಸಾಲಿಗರ ಗುಲಗಂಜಿ ಇದೆಯಲ್ಲ, ಅದು ಹೆಚ್ಚುಕಡಿಮೆ ಎರಡು ಗ್ರೇನ್. ವೇಗ ಜಾಸ್ತಿ ಇದ್ದರೆ ಗುಂಡು ನೇರ ಹೋಗುತ್ತದೆ, ದೂರಕ್ಕೂ ಕಡಿಮೆ ಇಳಿಯುತ್ತದೆ. ಅಷ್ಟು ಕೇಳಿ ನಾನು ಕೊಂಡುಬಿಟ್ಟೆ.

ಹೊಲದಲ್ಲಿ ಮೊದಲ ಬೆಳಿಗ್ಗೆಯೇ ಕಷ್ಟ ಶುರುವಾಯಿತು. ನೆಲದ ಅಳಿಲಿನ ಕೆಲಸ ಜಿಂಕೆ ಬೇಟೆಯ ಹಾಗಲ್ಲ. ಜಿಂಕೆಗೆ ಇಡೀ ದಿನಕ್ಕೆ ಒಂದು ಈಡು. ಇಲ್ಲಿ ಒಂದು ಬೆಳಿಗ್ಗೆಗೆ ನೂರು ಈಡು ಆಗಬಹುದು. ಇಪ್ಪತ್ತು ಹೊಡೆಯುವಷ್ಟರಲ್ಲಿ ನಳಿಕೆ ಮುಟ್ಟಲಾಗದಷ್ಟು ಕಾದಿತ್ತು. ಅದರ ಮೇಲೆ ಎದ್ದ ಬಿಸಿ ಗಾಳಿ ಸ್ಕೋಪಿನಲ್ಲಿ (ರೈಫಲ್ ಮೇಲೆ ಕೂರಿಸುವ ದುರ್ಬೀನು) ನೀರಿನ ಹಾಗೆ ಅಲುಗುತ್ತಿತ್ತು, ಅಳಿಲು ಎರಡಾಗಿ ಕಾಣುತ್ತಿತ್ತು. ಈಡಿನ ಒದೆತಕ್ಕೆ ಸ್ಕೋಪಿನ ನೋಟ ಜಿಗಿದು ಹೋಗುವುದರಿಂದ ಗುಂಡು ಎಲ್ಲಿಗೆ ಬಿತ್ತು ಅಂತಲೇ ಗೊತ್ತಾಗುತ್ತಿರಲಿಲ್ಲ. ಸದ್ದಿಗೆ ಪಕ್ಕದ ಹೊಲದ ದನ ಓಡಿದವು. ಈ ತೋಟೆಯಲ್ಲಿ ಮದ್ದು ಜಾಸ್ತಿ. ಅದರ ಬಿಸಿಗೆ ನಳಿಕೆಯ ಗಂಟಲು ಬೇಗ ಸವೆಯುತ್ತದೆ. ಬಿಡುವು ಕೊಡದೆ ಹೊಡೆದರೆ ಇನ್ನೂ ಬೇಗ.

ಇದನ್ನೆಲ್ಲ ಸಹಿಸಬಹುದಿತ್ತು. ಮನಸ್ಸು ಮುರಿದದ್ದು ಕ್ಲಬ್ಬಿನಲ್ಲಿ. ಗುರಿ ಹೊಡೆಯುವವರು ಭಾರದ ಗುಂಡು ಬಳಸುತ್ತಾರೆ, ಗಾಳಿಗೆ ಅದು ಕಡಿಮೆ ಸರಿಯುತ್ತದೆ ಅಂತ ಕೇಳಿದ್ದೆ. ಕ್ಲಬ್ಬಿನ ಹಿರಿಯರೊಬ್ಬರ ಮನೆಯ ಬೆಂಚಿನಲ್ಲಿ ಕೂತು, ಅವರ ಕಣ್ಣೆದುರೇ 69 ಗ್ರೇನ್ ಗುಂಡು ಹಾಕಿ ಹತ್ತು ತೋಟೆ ತುಂಬಿದೆ. ಶನಿವಾರ 100 ಗಜದಲ್ಲಿ ಐದು ಹೊಡೆದೆ. ನಡೆದು ಹೋಗಿ ನೋಡಿದರೆ ಕಾಗದದಲ್ಲಿ ಮೂರೇ ತೂತು. ಎರಡು ಗುಂಡು ಕಾಗದಕ್ಕೇ ಬಿದ್ದಿಲ್ಲ. ಆ ಮೂರರಲ್ಲಿ ಒಂದೂ ಗುಂಡಗಿಲ್ಲ. ಒಂದು ಬಾದಾಮಿ ಬೀಜದ ಆಕಾರ. ಇನ್ನೊಂದು ಗುಂಡಿನ ಪೂರ್ತಿ ಉದ್ದದ ಸೀಳು, ಒಂದು ತುದಿ ಚೂಪು, ಇನ್ನೊಂದು ತುದಿ ಮೊಂಡು, ಅಂಚಿನಲ್ಲಿ ಬೂದು ಬಣ್ಣದ ಮಸಿ. ಗುಂಡು ಅಡ್ಡಡ್ಡ ತಿರುಗಿಕೊಂಡು ಹೋಗಿ ಹೊಡೆದಿತ್ತು. ಹಿರಿಯರು ಕಾಗದ ಕೈಗೆ ತೆಗೆದುಕೊಂಡು ನೋಡಿ, "ನಿನ್ನ ನಳಿಕೆಯ ಸುತ್ತು ಎಷ್ಟು?" ಅಂತ ಕೇಳಿದರು. ನನಗೆ ಗೊತ್ತಿರಲಿಲ್ಲ. ಮನೆಗೆ ಬಂದು ನೋಡಿದೆ: 14 ಇಂಚಿಗೆ ಒಂದು.

ಈ ಸುತ್ತು ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇಡೀ ಆಯ್ಕೆ ನಿಂತಿರುವುದು ಇದರ ಮೇಲೆ. ಅಜ್ಜನ ಕೋವಿಯ ನಳಿಕೆ ಒಳಗೆ ನುಣುಪು, ಅದು ಚರೆ ಹೊಡೆಯುವ ಕೋವಿ. ರೈಫಲ್ ನಳಿಕೆಯ ಒಳಗೆ ಸುರುಳಿ ಗೆರೆಗಳಿರುತ್ತವೆ. ಅವು ಗುಂಡನ್ನು ಹಿಡಿದು ತಿರುಗಿಸಿ ಬಿಡುತ್ತವೆ. ಬುಗುರಿ ನೆನಪಿಸಿಕೊಳ್ಳಿ. ಜೋರಾಗಿ ತಿರುಗುವಾಗ ನೆಟ್ಟಗೆ ನಿಲ್ಲುತ್ತದೆ, ವೇಗ ಸಾಲದಿದ್ದರೆ ಓಲಾಡಿ ಬೀಳುತ್ತದೆ. ಗುಂಡೂ ಹಾಗೇ. ಉದ್ದ ಗುಂಡಿಗೆ ಜಾಸ್ತಿ ತಿರುಗು ಬೇಕು, ಗಿಡ್ಡ ಗುಂಡಿಗೆ ಕಡಿಮೆ ಸಾಕು. 14 ಇಂಚಿಗೆ ಒಂದು ಸುತ್ತು ಅಂದರೆ ಗುಂಡು 14 ಇಂಚು ಹೋಗುವಷ್ಟರಲ್ಲಿ ಒಂದು ಸಲ ತಿರುಗುತ್ತದೆ. ಅದು ನಿಧಾನ, 55 ಗ್ರೇನ್ ಒಳಗಿನ ಹಗುರ ಗುಂಡಿಗೆ ಸರಿ. 9 ಇಂಚಿಗೆ ಒಂದು ಇದ್ದರೆ 69 ಗ್ರೇನ್ ನಿಲ್ಲುತ್ತದೆ. 8 ಇಂಚಿಗೆ ಒಂದು ಇದ್ದರೆ 77 ಗ್ರೇನ್ ಕೂಡ ನಿಲ್ಲುತ್ತದೆ. 7 ಇಂಚಿಗೆ ಒಂದು ಇನ್ನೂ ಉದ್ದದ್ದಕ್ಕೆ. ಆದರೆ ಅಷ್ಟು ಜೋರಾಗಿ ತಿರುಗಿಸಿದರೆ ತೆಳು ಕವಚದ ಕೆಲವು ವಾರ್ಮಿಂಟ್ ಗುಂಡುಗಳು ಗಾಳಿಯಲ್ಲೇ ಒಡೆದು ಹೋಗುತ್ತವೆ. ವಾರ್ಮಿಂಟ್ ಬೇಟೆಗೂ ಗುರಿ ಹೊಡೆತಕ್ಕೂ ಒಂದೇ ರೈಫಲ್ ಬೇಕು ಅನ್ನುವವರಿಗೆ ಜಗ್ಗಾಟ ಇರುವುದು ಇಲ್ಲೇ. ಒಂದು ಕೆಲಸ ಹಗುರ ಗುಂಡು ಕೇಳುತ್ತದೆ, ಇನ್ನೊಂದು ಭಾರದ್ದು. ನಾನು ಕೋವಿ ಮೊದಲು ಕೊಂಡು ಗುಂಡು ಆಮೇಲೆ ಹುಡುಕಿದ್ದೆ. ತಿರುಗಿಸಿ ಮಾಡಬೇಕಿತ್ತು.

ಆ ರೈಫಲ್ ಮಾರಿದೆ. ಇನ್ನೊಂದು ಕೊಳ್ಳುವ ಮುಂಚೆ ಒಂದು ಪೂರ್ತಿ ವಸಂತಕಾಲ ನೋಟ್‌ಬುಕ್ ಇಟ್ಟೆ. ಗೆಳೆಯರ ರೈಫಲ್ ಹಿಡಿದು ಹೋದೆ. ಪ್ರತಿ ಈಡಿಗೂ ಲೇಸರ್ ರೇಂಜ್‌ಫೈಂಡರಿನಲ್ಲಿ ದೂರ ಅಳೆದು ಬರೆದೆ. ಗಾಳಿ ಎಷ್ಟು, ತಗುಲಿತೋ ಇಲ್ಲವೋ ಅಂತಲೂ ಬರೆದೆ. ಮೇ ಕೊನೆಗೆ ಲೆಕ್ಕ ಹಾಕಿದರೆ ಹತ್ತರಲ್ಲಿ ಎಂಟು ಈಡು 60ರಿಂದ 180 ಗಜದ ಒಳಗೆ. 250 ದಾಟಿದ್ದು ಬೆರಳೆಣಿಕೆ, ಅದರಲ್ಲೂ ಅರ್ಧಕ್ಕಿಂತ ಜಾಸ್ತಿ ತಪ್ಪಿದ್ದು. ನಾನು 400 ಗಜದ ಕೋವಿ ಕೊಂಡು 120 ಗಜದ ಕೆಲಸ ಮಾಡುತ್ತಿದ್ದೆ. ಯಾರಾದರೂ ಯಾವ ರೈಫಲ್ ಕೊಳ್ಳಲಿ ಅಂತ ಕೇಳಿದರೆ ನಾನು ಮೊದಲು ಹೇಳುವುದೇ ಈ ನೋಟ್‌ಬುಕ್ ವಿಷಯ. ನಿಮ್ಮ ಹೊಲ ನನ್ನ ಹೊಲದ ಹಾಗೆ ಇರುವುದಿಲ್ಲ. ವಯೋಮಿಂಗ್, ಮೊಂಟಾನಾದ ಬಯಲಿನಲ್ಲಿ, ಬಿಲದಲ್ಲಿ ಇರುವ ಅಳಿಲಿನ ಬಳಗದ ಪ್ರೇರಿ ಡಾಗ್‌ಗೆ ಹೋಗುವವರಿಗೆ 300 ಗಜ ದಿನನಿತ್ಯದ ಮಾತು. ಅವರಿಗೆ .22-250, .204 ರೂಗರ್ ಎಲ್ಲ ಸರಿಯಾದ ಆಯ್ಕೆಯೇ.

ಎರಡನೇ ಸಲ ಶುರು ಮಾಡಿದ್ದು ಸಣ್ಣ ತೋಟೆಯಿಂದ, .22 ಎಲ್‌ಆರ್‌ನಿಂದ. ಅದಕ್ಕೆ ಎದುರಾಳಿ .17 ಎಚ್‌ಎಂಆರ್. 2002ರಲ್ಲಿ ಬಂದ ತೋಟೆ ಅದು. 17 ಗ್ರೇನಿನ ಪುಟ್ಟ ಗುಂಡು ಸೆಕೆಂಡಿಗೆ 2550 ಅಡಿ. ಅಳಿಲಿಗೆ ಮಾತ್ರ ಅಂದರೆ .17 ಗೆಲ್ಲುತ್ತದೆ, ಅನುಮಾನವೇ ಇಲ್ಲ. ಗಂಟೆಗೆ 10 ಮೈಲಿ ಗಾಳಿ ಅಡ್ಡ ಬೀಸಿದರೆ 100 ಗಜದಲ್ಲಿ ಅದು ಸರಿಯುವುದು ಸುಮಾರು 4 ಇಂಚು. ವೇಗದ .22 ಎಲ್‌ಆರ್ ಗುಂಡು ಐದೂವರೆ ಇಂಚು ಸರಿಯುತ್ತದೆ. 50 ಗಜಕ್ಕೆ ಗುರಿ ಕೂರಿಸಿದರೆ 100ಕ್ಕೆ ಅರ್ಧ ಅಡಿ ಇಳಿಯುತ್ತದೆ. ಆದರೆ ಕ್ಲಬ್ಬಿನ ಕೆಲಸಕ್ಕೆ .22ಗೆ ಸರಿಸಾಟಿ ಇಲ್ಲ. ಗುರಿ ಹೊಡೆತಕ್ಕೆಂದೇ ಮಾಡಿದ ತೋಟೆಗಳು ಸಿಗುವುದು ಅದಕ್ಕೆ. ತಿಂಗಳಿಗೊಮ್ಮೆ ನಡೆಯುವ ಎನ್‌ಆರ್‌ಎಲ್22 ಪಂದ್ಯಗಳಿಗೆ ಬೇಕಾದ್ದೂ ಅದೇ. ದಿನಕ್ಕೆ ನೂರೈವತ್ತು ಹೊಡೆದರೂ ಜೇಬಿಗೆ ಭಾರವಲ್ಲ.

ಇಲ್ಲಿ ಒಂದು ಸ್ವಾರಸ್ಯ ಇದೆ. .22ರಲ್ಲಿ ನಿಧಾನದ ಗುಂಡೇ ಗಾಳಿಗೆ ಕಡಿಮೆ ಸರಿಯುತ್ತದೆ. ವೇಗದ ಗುಂಡು ಶಬ್ದದ ವೇಗಕ್ಕಿಂತ ಜೋರಾಗಿ ಹೊರಟು, ದಾರಿಯಲ್ಲಿ ಅದಕ್ಕಿಂತ ಕೆಳಗೆ ಇಳಿಯುತ್ತದೆ. ಆ ಆಸುಪಾಸಿನಲ್ಲಿ ಗಾಳಿಯ ತಡೆ ಬಹಳ, ಗುಂಡಿನ ವೇಗ ಬೇಗ ಕರಗುತ್ತದೆ. ಸೆಕೆಂಡಿಗೆ 1050, 1080 ಅಡಿಯ ಮ್ಯಾಚ್ ತೋಟೆ ಮೊದಲಿಂದಲೇ ಅದಕ್ಕಿಂತ ಕೆಳಗೆ ಇರುವುದರಿಂದ ಆ ಕಾಟ ಇಲ್ಲ. ಇದನ್ನು ಹಿರಿಯರು ಹೇಳಿದಾಗ ನಾನು ನಂಬಿರಲಿಲ್ಲ. ಗಾಳಿ ಇದ್ದ ಒಂದು ಮಧ್ಯಾಹ್ನ ಎರಡನ್ನೂ ಒಂದೇ ಕಾಗದಕ್ಕೆ ಹೊಡೆದು ನೋಡಿದ ಮೇಲೆ ನಂಬಿದೆ.

ಕೊಂಡದ್ದು ದಪ್ಪ ನಳಿಕೆಯ ಸೀಝಡ್ 457. ಅದಕ್ಕೆ ಐದು ಬಗೆಯ ತೋಟೆ ತಂದು, ಪ್ರತಿಯೊಂದನ್ನೂ 50 ಗಜದಲ್ಲಿ ಐದೈದರಂತೆ ಐದು ಸಲ ಹೊಡೆದೆ. ಅತಿ ದುಬಾರಿಯದ್ದು ಮೂರನೆಯದಾಯಿತು. ಒಂದು ನಳಿಕೆ ಯಾವ ತೋಟೆ ಇಷ್ಟಪಡುತ್ತದೆ ಅನ್ನುವುದನ್ನು ಪೆಟ್ಟಿಗೆ ನೋಡಿ ಹೇಳಲಾಗದು. ಅದನ್ನು ಕಾಗದವೇ ಹೇಳಬೇಕು. ಇಷ್ಟವಾದದ್ದು ಸಿಕ್ಕಿದ ಮೇಲೆ ಅದೇ ಲಾಟ್ ನಂಬರಿನ ಪೆಟ್ಟಿಗೆಗಳನ್ನು ಒಟ್ಟಿಗೆ ತಂದಿಟ್ಟುಕೊಂಡೆ.

ಅದೇ ರೈಫಲ್ ಹೊಲಕ್ಕೂ ಒಯ್ದೆ. 75 ಗಜದ ಆಚೆ ಹೊಡೆಯುವುದಿಲ್ಲ ಅಂತ ನಿಯಮ ಹಾಕಿಕೊಂಡೆ. ನೆಟ್ಟಗೆ ನಿಂತ ಅಳಿಲಿನ ಅಗಲ ಎರಡು ಇಂಚು ಅಷ್ಟೇ. ಅರೆಬರೆ ತಗುಲಿ ಬಿಲಕ್ಕೆ ತೆವಳಿಕೊಂಡು ಹೋಗುವುದನ್ನು ಒಂದು ಸಲ ಸ್ಕೋಪಿನಲ್ಲಿ ನೋಡಿದೆ. ಆ ಚಿತ್ರ ಈಗಲೂ ಮನಸ್ಸಿನಿಂದ ಹೋಗಿಲ್ಲ. ಬೆಳೆ ಉಳಿಸಲು ಕೊಲ್ಲಬೇಕಾದರೆ ಒಂದೇ ಏಟಿಗೆ, ನೋವಿಲ್ಲದೆ ಆಗಬೇಕು. ಅದು ಆಗದ ದೂರ, ಅದು ಆಗದ ಗಾಳಿ ಇದ್ದರೆ ಆ ದಿನ ಹೊಡೆಯಬಾರದು. ಈ ವಿಷಯದಲ್ಲಿ ನಾನು ಯಾರ ಜೊತೆಗೂ ರಾಜಿ ಆಗುವುದಿಲ್ಲ.

75ರಿಂದ ಆಚೆಗೆ .223 ಬೇಕು ಅನ್ನುವುದು ನೋಟ್‌ಬುಕ್ಕಿನಿಂದಲೇ ಗೊತ್ತಾಗಿತ್ತು. 10 ಮೈಲಿ ಗಾಳಿಗೆ 100 ಗಜದಲ್ಲಿ ಒಂದು ಇಂಚಿನ ಆಸುಪಾಸು, 200ರಲ್ಲಿ ಸುಮಾರು 4 ಇಂಚು ಸರಿಯುತ್ತದೆ. ಒದೆತ ಕಡಿಮೆ, ಹೊಡೆದದ್ದು ಸ್ಕೋಪಿನಲ್ಲೇ ಕಾಣುತ್ತದೆ. ತೋಟೆ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ನಳಿಕೆಯ ಬಾಳಿಕೆಯೂ .22-250ಗಿಂತ ಎಷ್ಟೋ ಜಾಸ್ತಿ.

ಈ ಸಲ ಅಂಗಡಿಯಲ್ಲಿ ನನ್ನ ಪ್ರಶ್ನೆ ಬೇರೆ ಇತ್ತು: ".223, ದಪ್ಪ ನಳಿಕೆ, 8 ಅಥವಾ 9 ಇಂಚಿಗೆ ಒಂದು ಸುತ್ತು. ಯಾವ್ಯಾವುದು ಇದೆ?" ಸ್ಯಾವೇಜ್ 12 ನೋಡಿದೆ, 26 ಇಂಚಿನ ನಳಿಕೆ, 9ರ ಸುತ್ತು. ಅದರ ಟ್ರಿಗರ್ ನಾವೇ ಹೊಂದಿಸಿಕೊಳ್ಳಬಹುದು, ಕೊಟ್ಟ ದುಡ್ಡಿಗೆ ಬಹಳ ಒಳ್ಳೆಯ ರೈಫಲ್. ಹೋವಾ 1500 ನೋಡಿದೆ. ಕೊನೆಗೆ ನಿಂತದ್ದು ಫಿನ್‌ಲ್ಯಾಂಡಿನಲ್ಲಿ ಮಾಡಿದ ಟಿಕ್ಕಾ ಟಿ3ಎಕ್ಸ್ ವಾರ್ಮಿಂಟ್ ಹತ್ತಿರ. 8ರ ಸುತ್ತು. ತೋಟೆಯನ್ನು ನಳಿಕೆಗೆ ತಳ್ಳುವ ಬೋಲ್ಟ್ ಎಳೆದರೆ ಬೆಣ್ಣೆಯ ಹಾಗೆ ಬರುತ್ತದೆ. ಅದರ ಹಿಡಿಯನ್ನು 70 ಡಿಗ್ರಿ ಎತ್ತಿದರೆ ಸಾಕು, ಮೇಲಿರುವ ಸ್ಕೋಪಿಗೆ ಕೈ ತಾಗುವುದಿಲ್ಲ.

ಅಂಗಡಿಯಲ್ಲಿ ನಾನು ಮಾಡುವ ಒಂದು ಪರೀಕ್ಷೆ ಇದೆ. ರೈಫಲ್ ಖಾಲಿ ಅಂತ ಎರಡು ಸಲ ನೋಡಿ, ಗೋಡೆಯ ಕಡೆಗೆ ತಿರುಗಿ ಕಣ್ಣು ಮುಚ್ಚಿ ಹೆಗಲಿಗೆ ಇಡುವುದು. ಕೆನ್ನೆ ಆರಾಮಾಗಿ ಕೂತ ಮೇಲೆ ಕಣ್ಣು ತೆರೆಯಬೇಕು. ಸ್ಕೋಪಿನ ನಡುವಿಗೆ ಕಣ್ಣು ತಾನಾಗಿ ಬಂದಿದ್ದರೆ ಆ ರೈಫಲ್ ನಿಮ್ಮ ಮೈಗೆ ಸರಿ. ತಲೆ ಎತ್ತಬೇಕು, ಕತ್ತು ಚಾಚಬೇಕು ಅನ್ನಿಸಿದರೆ ಬೇಡ. ನಾನು ಐದು ಅಡಿ ಐದು ಇಂಚು. ಇಲ್ಲಿನ ರೈಫಲ್‌ಗಳಲ್ಲಿ ಬಹಳಷ್ಟು ನನಗಿಂತ ಕೈ ಉದ್ದ ಇರುವವರಿಗೆ ಮಾಡಿದ್ದು. ಟ್ರಿಗರ್ ಎರಡೂವರೆ ಪೌಂಡಿಗೆ ಇಟ್ಟಿದ್ದೇನೆ. ಕ್ಲಬ್ಬಿನಲ್ಲಿ ಇನ್ನೂ ಹಗುರ ಇಡುವವರಿದ್ದಾರೆ. ಮಾರ್ಚ್ ಚಳಿಗೆ ಬೆರಳು ಮರಗಟ್ಟಿದಾಗ ಅಷ್ಟು ಹಗುರದ್ದು ಅಪಾಯ. ಸ್ಕೋಪ್, ನಳಿಕೆಯ ಕೆಳಗಿನ ಎರಡು ಕಾಲಿನ ಊರುಗೋಲು ಎಲ್ಲ ಸೇರಿ ತೂಕ 10 ಪೌಂಡ್ ದಾಟುತ್ತದೆ. ಹೊತ್ತು ತಿರುಗುವವರಿಗೆ ಭಾರ. ನಾನು ಪಿಕಪ್ ಗಾಡಿಯ ಹಿಂದೆ ಕೂತು ಹೊಡೆಯುವವನು, ನನಗೆ ತೂಕವೇ ಅನುಕೂಲ. ರೈಫಲ್ ಅಲುಗುವುದಿಲ್ಲ, ನಳಿಕೆ ನಿಧಾನ ಕಾಯುತ್ತದೆ. ಆದರೂ ಹತ್ತು ಈಡಿಗೊಮ್ಮೆ ಬೋಲ್ಟ್ ತೆರೆದಿಟ್ಟು ಫ್ಲಾಸ್ಕಿನ ಕಾಫಿ ಕುಡಿಯುತ್ತೇನೆ. ಇನ್ನೊಂದು ಮಾತು: ನಳಿಕೆಯ ಮೇಲೆ .223 ಅಂತ ಮಾತ್ರ ಕೊರೆದಿದ್ದರೆ ಅದಕ್ಕೆ 5.56 ಸೇನಾ ತೋಟೆ ಹಾಕಬೇಡಿ. ನೋಡಲು ಒಂದೇ ಥರ ಇರುತ್ತವೆ, ಆದರೆ 5.56ರ ಒತ್ತಡ ಜಾಸ್ತಿ.

ಸ್ಕೋಪಿಗೆ ನಾನು ರೈಫಲ್ಲಿನ ಮುಕ್ಕಾಲು ಪಾಲು ದುಡ್ಡು ಹಾಕಿದೆ. 4ರಿಂದ 16 ಪಟ್ಟು. 24 ಪಟ್ಟಿನದ್ದೂ ಇತ್ತು. ಬಿಸಿಲೇರಿದ ಮೇಲೆ ಅಷ್ಟು ದೊಡ್ಡದು ಮಾಡಿದರೆ ಕಾಣುವುದು ಬಿಸಿಗಾಳಿಯ ಅಲೆ ಮಾತ್ರ. ಮುಖ್ಯವಾದದ್ದು ಪ್ಯಾರಲ್ಯಾಕ್ಸ್ ಗುಂಡಿ, ಅಂದರೆ ಗುರಿಯ ದೂರಕ್ಕೆ ಸ್ಕೋಪನ್ನು ಹೊಂದಿಸುವ ತಿರುಗುಗುಂಡಿ. ರೈಫಲ್ಲನ್ನು ಮರಳು ಚೀಲದ ಮೇಲೆ ಅಲುಗದಂತೆ ಇಟ್ಟು, ಕೈ ಬಿಟ್ಟು, ತಲೆ ಮಾತ್ರ ಸ್ವಲ್ಪ ಆಚೀಚೆ ಆಡಿಸಿ ನೋಡಿ. ಗುರಿಯ ಮೇಲೆ ಅಡ್ಡಗೆರೆ ತೆವಳಿದ ಹಾಗೆ ಕಂಡರೆ ಆ ದೂರಕ್ಕೆ ಅದು ಹೊಂದಿಲ್ಲ. ಗುಂಡಿ ತಿರುಗಿಸುತ್ತಾ ಬನ್ನಿ. ತಲೆ ಆಡಿಸಿದರೂ ಗೆರೆ ಅಂಟಿಸಿದ ಹಾಗೆ ನಿಂತಾಗ ಬಿಡಿ. 100 ಗಜಕ್ಕೆ ಕೂರಿಸಿದ ಸ್ಕೋಪಿನಲ್ಲಿ 50ರ ಅಳಿಲಿಗೆ ಹೊಡೆದು ಏಕೆ ತಪ್ಪಿತು ಅಂತ ನಾನು ಒಂದು ವರ್ಷ ತಲೆ ಕೆಡಿಸಿಕೊಂಡಿದ್ದೆ. ಕಾರಣ ಇದೇ ಇತ್ತು.

ಇನ್ನು ಸೀಸದ ಮಾತು. ನಾವು ಹೊಡೆಯುವ ಹೊಲದಿಂದ ಸ್ವಲ್ಪ ದೂರದಲ್ಲಿ ಸ್ನೇಕ್ ನದಿಯ ಕಣಿವೆ. 1993ರಲ್ಲಿ ಅದನ್ನು ಬೇಟೆ ಹಕ್ಕಿಗಳಿಗೆಂದೇ ಕಾಯ್ದಿಟ್ಟ ಪ್ರದೇಶ ಮಾಡಿದರು. ಸುಮಾರು 4,85,000 ಎಕರೆ. ಪ್ರತಿ ವಸಂತಕಾಲದಲ್ಲಿ 800ರಷ್ಟು ಜೋಡಿ ಹದ್ದು, ಗಿಡುಗ, ಚಾಣ, ಗೂಬೆಗಳು ಅಲ್ಲಿ ಗೂಡು ಕಟ್ಟುತ್ತವೆ. ಅವುಗಳಲ್ಲಿ ಹಲವು ಹಕ್ಕಿಗಳ ಮರಿಗಳಿಗೆ ಈ ನೆಲದ ಅಳಿಲು ಮುಖ್ಯ ಊಟ. ಒಂದು ಏಪ್ರಿಲ್ ಬೆಳಿಗ್ಗೆ ನಾನು ಹೊಡೆದ ಅಳಿಲನ್ನು, ನಾನಿನ್ನೂ ಬೋಲ್ಟ್ ಎಳೆಯುತ್ತಿರುವಾಗಲೇ, ಕೆಂಪು ಬಾಲದ ಗಿಡುಗವೊಂದು ಬಂದು ಎತ್ತಿಕೊಂಡು ಹೋಯಿತು. ಕಣಿವೆಯ ಕಡೆಗೆ ಹಾರಿತು. ನಾನು ನೋಡುತ್ತಾ ನಿಂತೆ. ಆ ಅಳಿಲಿನ ಮೈಯಲ್ಲಿ ಚೂರು ಚೂರಾದ ಸೀಸ ಇತ್ತು. ವಾರ್ಮಿಂಟ್ ಗುಂಡು ಮಾಡುವುದೇ ತಗುಲಿದ ಕೂಡಲೇ ಪುಡಿಯಾಗಲಿ ಅಂತ. ಆ ಪುಡಿ ಮರಿಯ ಹೊಟ್ಟೆಗೆ ಹೋಗುತ್ತದೆ. ಸೀಸ ವಿಷ.

ಆ ವಾರವೇ ಸೀಸವಿಲ್ಲದ ತೋಟೆ ತಂದೆ. ತಾಮ್ರದ ಪುಡಿಯ ತಿರುಳಿರುವ 35 ಗ್ರೇನಿನ ಗುಂಡು ಹಾರ್ನಡಿಯವರದ್ದು ಇದೆ, ಸೆಕೆಂಡಿಗೆ 4000 ಅಡಿ ಹೋಗುತ್ತದೆ. ಬಾರ್ನ್ಸ್‌ನವರ 36 ಗ್ರೇನಿನದ್ದೂ ಇದೆ. ನನ್ನ ರೈಫಲ್ಲಿಗೆ 35ರದ್ದು ಹಿಡಿಸಿತು, 100 ಗಜದಲ್ಲಿ ಐದು ಈಡು ಒಂದು ಇಂಚಿನ ಒಳಗೆ. ಬೆಲೆ ಜಾಸ್ತಿ. ಹಾಗಾಗಿ ಹೊಡೆಯುವ ಲೆಕ್ಕ ಕಡಿಮೆಯಾಗಿದೆ, ಪ್ರತಿ ಈಡಿಗೂ ಯೋಚನೆ ಜಾಸ್ತಿಯಾಗಿದೆ. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈನಿಂದ ಎಲ್ಲ ಬೇಟೆಗೂ ಸೀಸ ನಿಷೇಧ. ಐಡಾಹೋದಲ್ಲಿ ಯಾರೂ ನನ್ನನ್ನು ಕೇಳುವುದಿಲ್ಲ, ಆದರೂ ನಾನು ತಿರುಗಿ ಸೀಸಕ್ಕೆ ಹೋಗುವುದಿಲ್ಲ. ಇಲ್ಲೂ ಸುತ್ತಿನ ಲೆಕ್ಕ ಬರುತ್ತದೆ: ತಾಮ್ರ ಸೀಸಕ್ಕಿಂತ ಹಗುರ, ಅಷ್ಟೇ ತೂಕಕ್ಕೆ ಗುಂಡು ಉದ್ದವಾಗುತ್ತದೆ. ಮುಂದೆ ಭಾರದ ತಾಮ್ರದ ಗುಂಡು ಬೇಕಾದರೂ 8ರ ಸುತ್ತಿನ ನಳಿಕೆ ಕೈಕೊಡುವುದಿಲ್ಲ. .22ಗೂ 21 ಗ್ರೇನಿನ ತಾಮ್ರದ ತೋಟೆ ತಂದು ನೋಡಿದೆ. ನನ್ನ ನಳಿಕೆಯಲ್ಲಿ ಗುಂಡುಗಳು ಒಂದೇ ಕಡೆ ಬೀಳದೆ ಚದುರಿದವು, ಅಳಿಲಿಗೆ ಸಾಲದು. ಹಾಗಾಗಿ .22 ಈಗ ಕಾಗದಕ್ಕೆ ಮಾತ್ರ.

ಕಾಗದಕ್ಕೆ .223ರಲ್ಲಿ ನಾನು ಬಳಸುವುದು 69 ಮತ್ತು 77 ಗ್ರೇನ್. ಮೊದಲ ದಿನ 69ರದ್ದು ಐದು ಹೊಡೆದು ನಡೆದು ಹೋಗುವಾಗ ಎದೆ ಹೊಡೆದುಕೊಳ್ಳುತ್ತಿತ್ತು. ಐದೂ ಗುಂಡಗಿನ ತೂತು. ನಾಲ್ಕು ಒಂದಕ್ಕೊಂದು ಅಂಟಿಕೊಂಡಿದ್ದವು, ಐದನೆಯದು ಅರ್ಧ ಇಂಚು ಆಚೆ. ಮೂರೂ ಬಗೆಯ ಗುಂಡು ಬೇರೆ ಬೇರೆ ಜಾಗಕ್ಕೆ ಬೀಳುತ್ತವೆ ಅನ್ನುವುದು ನೆನಪಿರಲಿ. ನನ್ನ ರೈಫಲ್ಲಿನಲ್ಲಿ 35ಕ್ಕೆ ಕೂರಿಸಿದ ಗುರಿಗಿಂತ 77 ಎರಡು ಇಂಚು ಕೆಳಗೆ ಬೀಳುತ್ತದೆ. ಸ್ಕೋಪಿನ ಗುಂಡಿಯನ್ನು ಎಷ್ಟು ಕ್ಲಿಕ್ ತಿರುಗಿಸಬೇಕು ಅಂತ ಚೀಟಿ ಬರೆದು ಹಿಡಿಗೆ ಅಂಟಿಸಿದ್ದೇನೆ. ಆದರೂ ಹೊಲಕ್ಕೆ ಹೋಗುವ ಹಿಂದಿನ ದಿನ ರೇಂಜಿನಲ್ಲಿ ಮೂರು ಈಡು ಹೊಡೆದು ನೋಡದೆ ಹೋಗುವುದಿಲ್ಲ.

ಹೊಲದಲ್ಲಿ ಯಾವ ಈಡಿಗೂ ಹಿಂದೆ ಮಣ್ಣು ಇರಬೇಕು. ಗಾಡಿಯ ಮೇಲಿಂದ ಹೊಡೆದರೆ ಗುಂಡು ಕೆಳಮುಖ ಹೋಗಿ ನೆಲಕ್ಕೆ ಬೀಳುತ್ತದೆ, ಅದಕ್ಕೇ ನಾನು ಅಲ್ಲಿ ಕೂರುವುದು. ಇಲ್ಲಿ ಲಾವಾ ಕಲ್ಲು ಜಾಸ್ತಿ. ಕಲ್ಲಿಗೆ ತಗುಲಿದ .22 ಗುಂಡು ಸಿಳ್ಳೆ ಹಾಕಿಕೊಂಡು ಎಲ್ಲಿಗೋ ಹೋಗುತ್ತದೆ. ನೀರು ಹಾಯಿಸುವ ಪೈಪಿನ ಸಾಲು, ಮನೆ, ರಸ್ತೆ ಯಾವ ದಿಕ್ಕಿನಲ್ಲಿವೆಯೋ ಆ ದಿಕ್ಕಿಗೆ ನಳಿಕೆ ತಿರುಗಿಸುವುದೇ ಇಲ್ಲ. ಹೋದ ಕೂಡಲೇ ರೈತರ ಜೊತೆ ನಿಂತು ಕೈ ಚಾಚಿ, ಇಲ್ಲಿಂದ ಇಲ್ಲಿವರೆಗೆ ಅಂತ ಗಡಿ ಗೊತ್ತು ಮಾಡಿಕೊಳ್ಳುತ್ತೇನೆ.

ಹೋದ ವಸಂತದಲ್ಲಿ ಒಂದು ಬೆಳಿಗ್ಗೆ ಗಾಳಿ ಇರಲಿಲ್ಲ. ರೇಂಜ್‌ಫೈಂಡರ್ 140 ಗಜ ತೋರಿಸಿತು. ಹುಲ್ಲಿನ ನಡುವೆ ಕಂದು ಬಣ್ಣದ ತಲೆ, ಅಲುಗದೆ ಕೂತಿತ್ತು. ಸ್ಕೋಪ್ 10 ಪಟ್ಟಿಗೆ ಇತ್ತು. ಗೆರೆ ಅದರ ಮೇಲೆ ಬಂತು. ಏನೋ ಸರಿ ಇಲ್ಲ ಅನ್ನಿಸಿತು. ಅಳಿಲು ಅಷ್ಟು ಹೊತ್ತು ಅಲುಗದೆ ಇರುವುದಿಲ್ಲ. ಬೆರಳು ಹೊರಗೇ ಇಟ್ಟು ಪಟ್ಟು 16ಕ್ಕೆ ಏರಿಸಿದೆ. ಆಗ ಕಂಡಿತು, ಹುಲ್ಲಿನ ಕಡ್ಡಿಯ ಜೊತೆ ಬೆರೆತುಹೋಗಿದ್ದ ಉದ್ದನೆಯ ಬಾಗಿದ ಕೊಕ್ಕು. ಕರ್ಲ್ಯೂ ಹಕ್ಕಿ, ನೆಲದ ಮೇಲೆ ಮೊಟ್ಟೆಗೆ ಕಾವು ಕೂತಿತ್ತು. ಈ ಬಯಲಿನಲ್ಲಿ ಹೀಗೆ ಗುಂಡಿಗೆ ಸತ್ತ ಕರ್ಲ್ಯೂಗಳು ಎಷ್ಟೋ. ತೋಟೆ ಹೊರಗೆ ತೆಗೆದು, ಗಾಡಿಯನ್ನು ಹೊಲದ ಇನ್ನೊಂದು ತುದಿಗೆ ಒಯ್ದು ನಿಲ್ಲಿಸಿದೆ. ರೈತರಿಗೆ ಫೋನ್ ಮಾಡಿದೆ. ಅವರು ಬಂದು, ಗೂಡಿಗೆ ಹತ್ತು ಹೆಜ್ಜೆ ದೂರದಲ್ಲಿ ಎರಡು ಕಡ್ಡಿ ನೆಟ್ಟು ಕಿತ್ತಳೆ ಬಣ್ಣದ ಪಟ್ಟಿ ಕಟ್ಟಿದರು. ಮೇ ಕೊನೆಗೆ ಮೊದಲ ಕಟಾವು ಆದಾಗ ನಾನು ಹೋಗಿ ನೋಡಿದೆ. ಯಂತ್ರ ಆ ಕಡ್ಡಿಗಳನ್ನು ಸುತ್ತಿ ಹೋಗಿತ್ತು, ಹೊಲದ ನಡುವೆ ಒಂದು ಚಾಪೆಯಷ್ಟು ಜಾಗದಲ್ಲಿ ಹುಲ್ಲು ಹಾಗೇ ನಿಂತಿತ್ತು.